ಅಡ್ಡ ಮಲಗಿದ ಬೀಜ

ಎಲ್ಲ ದಿನಗಳಂಥದೇ ಒಂದು ದಿನ. ಅಂಗಳದ ಚೆರಿಗೆಯಲ್ಲಿ ಎರಡು ಬೆರಳು ಮಳೆನೀರು ನಿಂತಿತ್ತು. ಅಜ್ಜ ಅದರೊಳಗೆ ಬೆರಳಿಟ್ಟು ನೋಡಿ, ನೀರು ಚೆಲ್ಲಿ, ನೂಲಿನ ಉಂಡೆಯನ್ನು ಶಿಷ್ಯ ಅಡಿವೆಪ್ಪನ ಕೈಗಿಟ್ಟರು.

“ಇವತ್ತಿನಿಂದ ಹೊಳೀ ಲೆಕ್ಕ ಹೇಳಾಂವ ನೀನು.”

“ನಾನೇನ್ರಿ ಅಜ್ಜಾರ?”

“ನನ್ನ ಕಣ್ಣಿಗೆ ಬೀಜ ಯಾವುದು, ಕಟ್ಟಿರುವೆ ಯಾವುದು ತಿಳೀವಲ್ದು. ನಿನ್ನೆ ಒಂದನ್ನ ಎರಡು ಸಲ ಇಟ್ಟೆ. ಎರಡು ಸಲಾನೂ ಎದ್ದು ಹೋತು.”

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ಕೋಣೆಯೊಳಗೆ ಕಸಬರಿಗೆ ಹೋಗುವಂತಿರಲಿಲ್ಲ. ನೆಲದ ತುಂಬ ಸುಣ್ಣದ ಚೌಕಗಳು. ಚೌಕಗಳಲ್ಲಿ ಸೀತಾಫಲದ ಬೀಜಗಳು. ಒಂದೊಂದು ಬೀಜವೂ ವರ್ಷ ವರ್ಷದ ಮಳೆಗಾಲದ ಒಂದೊಂದು ದಿನ.

ಆ ದಿನ ಮುಂಜಾನೆ ಚೆರಿಗೆಯಲ್ಲಿ ಎಷ್ಟು ಬೆರಳು ಮಳೆಯೋ, ಬಾಗಿಲಿನಿಂದ ಅಷ್ಟು ಚೌಕ ಒಳಗೆ. ಸಂಜೆಗೆ ಹೊಳೆ ದಂಡೆಯ ಎಷ್ಟು ಮೆಟ್ಟಿಲು ನುಂಗಿತೋ, ಎಡಗೋಡೆಯಿಂದ ಅಷ್ಟು ಚೌಕ ಆಚೆ. ಎಲ್ಲ ಬೀಜಗಳಿಗೂ ಆದಷ್ಟು ಹತ್ತಿರವಾಗುವಂತೆ ನಡುವೆ ಒಂದು ನೂಲು ಬಿಗಿದರೆ ಸಾಕು. ಮುಂಜಾನೆಯ ಮಳೆ ನೋಡಿ ಸಂಜೆಯ ಹೊಳೆಯನ್ನು ಹೇಳಬಹುದಿತ್ತು. ಏಳು ಮೆಟ್ಟಿಲು ಮುಳುಗುತ್ತದೆ ಎಂದರೆ ಅಂದು ಹರಿಗೋಲು ಬಿಡುವಂತಿಲ್ಲ.

ಅದನ್ನು ಕೇಳಲು ದಿನಾ ಬರುವವಳು ಹುಲಿಗೆವ್ವ. ಗಂಡ ದುರಗಪ್ಪ ಹೊಳೆಯ ಪಾಲಾದ ಮೇಲೆ ಅವನ ಹರಿಗೋಲಿನ ಹುಟ್ಟನ್ನು ತಾನು ಹಿಡಿದವಳು.

ಅಡಿವೆಪ್ಪ ಕೋಣೆಗೆ ಹೋಗಿ ನೂಲು ಬಿಗಿದ. ಸರಿಯಾಗಿ ಕೂರಲಿಲ್ಲ. ಒಂದೇ ಒಂದು ಬೀಜ ಉಳಿದವುಗಳಿಂದ ದೂರ ಕೂತು ನೂಲನ್ನು ತನ್ನ ಕಡೆಗೆ ಎಳೆಯುತ್ತಿತ್ತು. ಎರಡು ಬೆರಳು ಮಳೆಯ ಸಾಲು, ಹನ್ನೊಂದು ಮೆಟ್ಟಿಲಿನ ಚೌಕ. ಅಜ್ಜ ಇಟ್ಟ ಬೀಜಗಳೆಲ್ಲ ಹೊಳೆಗೆ ಮೊನೆ ಮಾಡಿ ಉದ್ದಕ್ಕೆ ಮಲಗಿದ್ದವು. ಇದು ಅಡ್ಡ ಮಲಗಿತ್ತು.

ಇಲಿ ಎಳೆದು ಹಾಕಿರಬೇಕು ಎಂದುಕೊಂಡ. ಬೀಜವನ್ನು ಎತ್ತಿ ಹೆಗಲ ವಲ್ಲಿಯ ತುದಿಗೆ ಗಂಟು ಹಾಕಿಕೊಂಡ. ನೂಲು ತಾನಾಗಿಯೇ ಬಂದು ಕೂತಿತು.

“ಹೆಂಗ ಬಂತು?” ಅಜ್ಜ ಕೇಳಿದರು.

“ಮಣಿ ಪೋಣಿಸಿದಂಗ, ಅಜ್ಜಾರ.”

“ಎಲ್ಲಾ ಬೀಜಾನೂ?”

“ಎಲ್ಲಾ.”

“ಹೊಳಿ ಇಷ್ಟು ಶಾಣ್ಯಾ ಯಾವಾಗ ಆತೋ!” ಎಂದು ಅಜ್ಜ ನಕ್ಕರು.

ಆಷಾಢ ಚೆನ್ನಾಗಿಯೇ ಕಳೆಯಿತು. ಶ್ರಾವಣದಲ್ಲಿ ಅಡಿವೆಪ್ಪ ಮೂರು ಎಂದರೆ ನಾಲ್ಕು ಮೆಟ್ಟಿಲು ಮುಳುಗಿತು. ನಾಲ್ಕು ಎಂದರೆ ಐದು.

“ಏನೋ ಹೊಸ ಸ್ವಾಮಿ,” ಎಂದಳು ಹುಲಿಗೆವ್ವ, “ನಿನ್ನ ನೂಲು ಮಳ್ಯಾಗ ನೆನೆದು ಗಿಡ್ಡ ಆತೇನು?”

ಅವನಿಗೆ ನಾಚಿಕೆಯಾಯಿತು. ಚೆರಿಗೆಯ ಪಕ್ಕದಲ್ಲಿ ಇನ್ನೊಂದು ಚೆರಿಗೆ ಇಟ್ಟ. ಎರಡು ಕಡೆ ಅಳೆದರೆ ಲೆಕ್ಕ ಗಟ್ಟಿಯಾಗುತ್ತದೆ ಎಂದು ಅಜ್ಜನಿಗೆ ವಿವರಿಸಿದ.

ಅಜ್ಜ ಕೇಳಿದರು, “ಇವತ್ತು ನಿನ್ನ ಎಬ್ಬಿಸಿದ್ದು ಯಾರು?”

“ಹುಂಜ, ಅಜ್ಜಾರ.”

“ಕರೀದೋ, ಕೆಂಪಂದೋ?”

“ಎರಡೂ ದಿನಾ ಕೂಡೇ ಕೂಗ್ತಾವ್ರಿ.”

“ಹಂಗಾದ್ರ ಎಬ್ಬಿಸಿದ್ದಕ್ಕ ಕಾಳು ಯಾವುದಕ್ಕ ಹಾಕೂನು?”

ಅಡಿವೆಪ್ಪ ಎರಡನೆಯ ಚೆರಿಗೆಯನ್ನು ಒಳಗೆ ತಂದಿಟ್ಟ.

ಭಾದ್ರಪದ ಬಂತು. ಒಂದು ಮುಂಜಾನೆ ಚೆರಿಗೆಯಲ್ಲಿ ಎರಡು ಬೆರಳು ನೀರಿತ್ತು. ನೂಲು ನಾಲ್ಕು ಎಂದಿತು. ಅಡಿವೆಪ್ಪನೂ ನಾಲ್ಕು ಎಂದ. ಆಚೆ ದಂಡೆಯ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ತವರಿನ ಐದು ಮಂದಿ ಹೆಂಗಸರು ತೊಟ್ಟಿಲು ಹೊತ್ತು ಬರುವವರಿದ್ದರು. ಹುಲಿಗೆವ್ವ ಹರಿಗೋಲು ಸಜ್ಜು ಮಾಡಲು ಇಳಿದು ಹೋದಳು.

ಅಜ್ಜ ಶಿಷ್ಯನನ್ನು ಕರೆದು ಕೋಣೆಯಲ್ಲಿ ಕೂತರು.

“ನೂಲು ಸಾಕಷ್ಟು ನೋಡಿದಿ. ಇವತ್ತು ನೂಲಿಗೂ ಬೀಜಕ್ಕೂ ನಡುವೆ ಉಳಿದ ಜಾಗ ನೋಡು. ನಾ ಒಂದೊಂದ ದಿನ ಹೇಳ್ತೀನಿ. ಆ ದಿನದ ಬೀಜ ನೂಲಿನಿಂದ ಎಷ್ಟು ದೂರ ಐತಿ, ಅಷ್ಟುದ್ದದ ಕಡ್ಡಿ ಮುರಿದು, ಒಂದು ಗೆರಿ ಎಳೆದು ಸಾಲಾಗಿ ಇಡು. ಹೊಳಿ ನೂಲಿಗಿಂತ ಹೆಚ್ಚು ಬಂದ ದಿನ ಗೆರಿ ಆಚೆ, ಕಡಿಮಿ ಬಂದ ದಿನ ಗೆರಿ ಈಚೆ.”

ಅಜ್ಜನ ಕಣ್ಣಿಗೆ ಬೀಜ ಕಾಣುತ್ತಿರಲಿಲ್ಲ. ಆದರೆ ಒಂದೊಂದು ದಿನದ ತಿಥಿ, ಮಳೆ, ಮೆಟ್ಟಿಲು ಬಾಯಲ್ಲಿದ್ದವು. ಅವರು ಹೇಳುತ್ತ ಹೋದರು. ಅವನು ಕಡ್ಡಿ ಇಡುತ್ತ ಹೋದ.

“ಏನು ಕಾಣ್ತೈತಿ?”

“ಜ್ಯೇಷ್ಠ, ಆಷಾಢದ ಕಡ್ಡಿ ಎಲ್ಲಾ ಈಚೆ ಅದಾವ್ರಿ. ಶ್ರಾವಣದ್ದು ಎಲ್ಲಾ ಆಚೆ.”

“ನೂಲು ಸರಿ ಇದ್ರ ಚುರುಮುರಿ ಚೆಲ್ಲಿದಂಗ ಇರಬೇಕಿತ್ತು. ಹಿಂಗ ಸಾಲು ಹಿಡಿದು ನಿಂತ್ರ, ನಮ್ಮ ಲೆಕ್ಕದಾಗ ಯಾರೋ ಹೊರಗ ಉಳದಾರ.”

“ಯಾರ್ರಿ?”

ಅಜ್ಜ ಅವನನ್ನು ಹಿತ್ತಲಿಗೆ ಕರೆದೊಯ್ದರು. ತಳ ತೂತಾದ ಎರಡು ಗಡಿಗೆಗಳಲ್ಲಿ ಮಣ್ಣಿತ್ತು. ಒಂದು ಸೂರಿನ ಕೆಳಗಿದ್ದದ್ದು, ಇನ್ನೊಂದು ಮಳೆಯಲ್ಲಿ ನೆಂದದ್ದು. ಎರಡಕ್ಕೂ ಒಂದೊಂದು ತಂಬಿಗೆ ನೀರು ಹಾಕಿಸಿದರು. ಒಣ ಗಡಿಗೆ ಕುಡಿದು ಸುಮ್ಮನಾಯಿತು. ಹಸಿ ಗಡಿಗೆ ಹಾಕಿದಷ್ಟನ್ನೂ ಕೆಳಗೆ ಬಿಟ್ಟಿತು.

“ಮಣ್ಣು,” ಎಂದ ಅಡಿವೆಪ್ಪ ಮೆಲ್ಲಗೆ. “ಮಳಿ ಅಷ್ಟ ಇದ್ರೂ ಈಗ ಮಣ್ಣು ಕುಡಿಯೂದಿಲ್ಲ.”

“ಬಾ, ಲೆಕ್ಕ ಮುಗಸೂನು.”

ಮತ್ತೆ ಕೂತರು.

“ಹಿಂದಿನ ವರ್ಷದ ಭಾದ್ರಪದ ಶುದ್ಧ ಪಂಚಮಿ. ಎರಡು ಬೆರಳು. ಹನ್ನೊಂದು ಮೆಟ್ಟಿಲು. ಕಡ್ಡಿ ಇಡು.”

ಅಡಿವೆಪ್ಪ ಆ ಚೌಕವನ್ನು ನೋಡಿದ. ಅಲ್ಲಿ ಬೀಜವಿರಲಿಲ್ಲ. ಬೀಜ ಇದ್ದಷ್ಟು ಜಾಗ ಮಾತ್ರ ಧೂಳಿಲ್ಲದೆ ಅಡ್ಡಕ್ಕೆ ಕಪ್ಪಗೆ ಉಳಿದಿತ್ತು.

“ಎಷ್ಟುದ್ದದ ಕಡ್ಡಿ ಬೇಕಾತು?” ಅಜ್ಜ ಕೇಳಿದರು.

ಏಳು ಮೆಟ್ಟಿಲು. ನೂಲು ನಾಲ್ಕು ಎಂದ ಕಡೆ ಹೊಳೆ ಹನ್ನೊಂದು ನುಂಗಿತ್ತು; ಇವತ್ತಿನ ಮಳೆಯೂ ಎರಡೇ ಬೆರಳು. ಎದ್ದು ಹೊಳೆಯ ಕಡೆ ಓಡಿದ.

ಹೆಂಗಸರು ಹರಿಗೋಲಿನಲ್ಲಿ ಕೂತಾಗಿತ್ತು. ತೊಟ್ಟಿಲು ನಡುವೆ ಇತ್ತು. ಹುಲಿಗೆವ್ವ ಹುಟ್ಟನ್ನು ನೀರಿಗೆ ಹಾಕಿದ್ದಳು.

“ಬಿಡಬ್ಯಾಡ! ಹುಲಿಗೆವ್ವಾ, ಬಿಡಬ್ಯಾಡ!”

“ಯಾಕೋ, ತೊಟ್ಟಿಲಾಗ ನೀನೂ ಮಲಗ್ತಿಯೇನು?”

ಹೆಂಗಸರು ನಕ್ಕರು.

“ನಾಕು ಅಂದಾಂವ ನೀನ ಅಲ್ಲೇನು?”

“ತಪ್ಪಾತು. ಇಲಿ ಎಳದೈತಿ ಅಂತ ಒಂದು ಬೀಜ ತೆಗೆದಿಟ್ಟಿದ್ದೆ.” ಅವನು ವಲ್ಲಿಯ ಗಂಟು ಬಿಚ್ಚಿ ತೋರಿಸಿದ.

ಅವಳು ನೋಡಿದಳು. ಮುಟ್ಟಲಿಲ್ಲ.

“ಎಲ್ಲಿತ್ತು ಇದು?”

“ಎರಡು ಬೆರಳಿನ ಸಾಲಿನ್ಯಾಗ. ಹನ್ನೊಂದು ಮೆಟ್ಟಿಲು. ಅಡ್ಡ ಮಲಗಿತ್ತು.”

ಹುಲಿಗೆವ್ವ ಹುಟ್ಟನ್ನು ನೀರಿನಿಂದ ಮೇಲೆತ್ತಿದಳು. ಹೆಂಗಸರ ಕಡೆ ತಿರುಗಿ, “ತೊಟ್ಟಿಲು ಇಳಸ್ರೆವ್ವಾ,” ಎಂದಳು. ಹರಿಗೋಲನ್ನು ದಂಡೆಗೆ ಎಳೆದು, ಮೇಲಿನ ಕಟ್ಟೆಯ ತನಕ ಒಯ್ದು ಬೋರಲು ಹಾಕಿದಳು.

ಸಂಜೆಗೆ ಹೊಳೆ ಒಂಬತ್ತು ಮೆಟ್ಟಿಲು ನುಂಗಿತ್ತು.

ಅಡಿವೆಪ್ಪ ಅಜ್ಜನ ಮುಂದೆ ತಲೆ ತಗ್ಗಿಸಿ ಕೂತ.

“ಎಲ್ಲಾ ಬೀಜ ಅಂತ ಹೇಳಿದ್ದೆ, ಅಜ್ಜಾರ.”

“ನೀ ಹೇಳಿದಿ, ನಾ ನಂಬಿದೆ. ಕಣ್ಣಿಲ್ಲದಿದ್ರ ಏನಾತು, ಕೈಯಾಡಿಸಿ ಎಣಿಸಬೇಕಿತ್ತು. ಊಟ ಮಾಡಿದಿಯೇನು?”

“ಇಲ್ರಿ.”

“ಮಾಡುವಂತಿ. ಮೊದಲು ಅದನ್ನ ಅದರ ಜಾಗಾದಾಗ ಇಡು.”

ಕೋಣೆಗೆ ಇಬ್ಬರೂ ಹೋದರು.

“ಆವತ್ತಿನ ಅಳತಿ ತಪ್ಪಿತ್ತೇನ್ರಿ?”

“ಇಲ್ಲ. ಎರಡು ಸಲ ಬೆರಳಿಟ್ಟು ನೋಡಿದ್ದೆ. ಎರಡ ಬೆರಳು. ಮ್ಯಾಲಿನ ಗುಡ್ಡದಾಗ ಎಷ್ಟು ಸುರಿದಿತ್ತೋ! ನಮ್ಮ ಚೆರಿಗಿ ನಮ್ಮ ಅಂಗಳದ ಮಳಿ ಅಷ್ಟ ಹಿಡೀತೈತಿ. ನಾಕು ಅಂತ ಹೇಳಿದೆ. ದುರಗಪ್ಪ ಹರಿಗೋಲು ಬಿಟ್ಟ.”

ಅಡಿವೆಪ್ಪನ ಬೆರಳು ಬೀಜದ ಮೇಲೆಯೇ ನಿಂತಿತು. ಅಜ್ಜನೇ ಮುಂದುವರಿಸಿದರು.

“ನಾನೂ ಒಂದು ಸಲ ಅದನ್ನ ತೆಗೀಬೇಕಂತ ಕೈ ಹಾಕಿದ್ದೆ.”

ಅಡಿವೆಪ್ಪ ಬೀಜವನ್ನು ಚೌಕದಲ್ಲಿಟ್ಟು, ಉಳಿದವುಗಳಂತೆ ಹೊಳೆಗೆ ಮೊನೆ ಮಾಡಿ ತಿರುಗಿಸಿದ. ಅಜ್ಜ ಬಗ್ಗಿ ನೆಲ ತಡವಿ, ಬೀಜ ಹುಡುಕಿ, ಅದನ್ನು ಮತ್ತೆ ಅಡ್ಡ ಮಲಗಿಸಿದರು.

“ಎಲ್ಲಾನೂ ಉದ್ದಕ್ಕ ಇಟ್ಟೀರಿ, ಅಜ್ಜಾರ. ಇದೊಂದು ಯಾಕ ಅಡ್ಡ?”

“ಆವತ್ತು ನನ್ನ ಕೈ ನಿಲ್ಲಲಿಲ್ಲ. ಇದನ್ನ ಇಟ್ಟಾಕಿ ಹುಲಿಗೆವ್ವ.”