ಹೊಳೆಗೆ ಬಿದ್ದ ಕಲ್ಲಂಗಡಿ

ಒಂದು ಕಾಡಿನ ಹೊಳೆದಂಡೆಯಲ್ಲಿ ಶಾಲೆಯಿತ್ತು. ಸಮಯ: ಬಿಸಿಲೇರಿದ ಬೆಳಗು. ಆಕಾಶ ಶುಭ್ರ, ಗಾಳಿಯಿಲ್ಲ. ಹಾಜರಿದ್ದವರು: ಗುರುವಾದ ನರಿ, ತುಂಬೆ ಎಂಬ ಮೊಲದ ಮರಿ, ಸದಾ ತೂಕಡಿಸುವ ಕಾಡೆಮ್ಮೆಯ ಕರು, ಎರಡು ಕೋತಿಮರಿಗಳು. ಶಾಲೆಯ ಮುಖ್ಯಸ್ಥೆ ಮುಳ್ಳುಹಂದಿ ಅಜ್ಜಿ ಅಂದು ತಪಾಸಣೆಗೆಂದು ಬಂದು ಹಿಂದೆ ಕುಳಿತಿದ್ದಳು.

"ಭಾರವಾದುದು ಮುಳುಗುತ್ತದೆ, ಹಗುರವಾದುದು ತೇಲುತ್ತದೆ. ಹೇಳಿ!" ಎಂದಿತು ನರಿ.

ಮಕ್ಕಳು ರಾಗವಾಗಿ ಒಪ್ಪಿಸಿದರು. ಕರು ನಿದ್ದೆಯಲ್ಲೇ ಒಪ್ಪಿಸಿತು.

ಈ ಪಾಠ ನರಿಗೆ ಬಲು ಪ್ರಿಯ. ಮಕ್ಕಳ ಮನೆಗಳಿದ್ದುದು ಆಚೆ ದಡದಲ್ಲಿ. ಬಂಡೆಯಿಂದ ಬಂಡೆಗೆ ಹಾರಿ ಅವರು ಹೊಳೆ ದಾಟುತ್ತಿದ್ದರು. ಈಚೆಯ ಮರಳಿನಲ್ಲಿ ಬೆಳೆದ ಕಲ್ಲಂಗಡಿಯನ್ನು ನೀರಿನಲ್ಲಿ ತೇಲಿಸಿ ಒಯ್ಯುತ್ತೇವೆಂದರೆ ನರಿ ತಡೆಯುತ್ತಿತ್ತು. "ಭಾರದ ಹಣ್ಣು, ಮುಳುಗೀತು. ನನ್ನ ಬಳಿಯೇ ಇರಲಿ." ಅವರು ಹೋದೊಡನೆ ತಾನೇ ಸೀಳಿ ತಿನ್ನುತ್ತಿತ್ತು. ತುಂಬೆಯ ತಮ್ಮಂದಿರು ಆ ಹಣ್ಣಿನ ರುಚಿಯನ್ನೇ ಕಂಡಿರಲಿಲ್ಲ.

ಅಂದು ತುಂಬೆಯ ಕಾಲು ತಗುಲಿ ಹುಣಿಸೆಬೀಜದಷ್ಟು ಕಲ್ಲೊಂದು ನೀರಿಗೆ ಬಿದ್ದು ಮುಳುಗಿತು. ಅದೇ ಹೊತ್ತಿಗೆ ದಪ್ಪ ದಿಮ್ಮಿಯೊಂದು ತೇಲುತ್ತ ಸಾಗಿತು. ಅವಳ ಕಿವಿಗಳು ನೆಟ್ಟಗಾದವು.

"ಗುರುಗಳೇ, ಇದು ಹೇಗೆ?"

"ಪಾಠದ ನಡುವೆ ಪ್ರಶ್ನೆಯೇ? ಇನ್ನೊಮ್ಮೆ ಬಾಯಿ ತೆರೆದರೆ ಶಾಲೆಯಿಂದ ಹೊರಗೆ!"

ಶಾಲೆ ಬಿಡಲು ತುಂಬೆಗೆ ಮನಸ್ಸಿಲ್ಲ. ತಿಳಿಯದೆ ಸುಮ್ಮನಿರಲೂ ಆಗದು.

"ಬಾಯಿ ತೆರೆಯುವುದಿಲ್ಲ, ಗುರುಗಳೇ. ಕಲ್ಲಂಗಡಿಯನ್ನು ನೀರಿಗೆ ಬಿಟ್ಟು ನೋಡುತ್ತೇನೆ, ಅಷ್ಟೇ."

ಕೋತಿಮರಿಗಳು ಕಿಸಕ್ಕನೆ ನಕ್ಕವು. ಅಜ್ಜಿ ಮುಳ್ಳು ನಿಮಿರಿಸಿ ನೋಡುತ್ತಿದ್ದಳು. ನರಿ ಎಂದೂ ಪರೀಕ್ಷಿಸಿದ್ದಿಲ್ಲ. ತನ್ನ ಬಾಯಿಪಾಠವನ್ನು ತಾನೇ ನಂಬಿತ್ತು.

"ನೋಡು! ಮುಳುಗಿದರೆ ನಿನಗೆ ಶಾಲೆಯಿಲ್ಲ. ತೇಲಿದರೆ ಅಷ್ಟೂ ಹಣ್ಣನ್ನು ನಾನೇ ಈಜಿ ದಾಟಿಸುತ್ತೇನೆ."

ತುಂಬೆ ಹಣ್ಣನ್ನು ನೀರಿಗೆ ಉರುಳಿಸಿದಳು. ಅದು ಬುಳಕ್ಕೆಂದು ಮುಳುಗಿತು. ನರಿ ಮೀಸೆ ತಿರುವಿತು. ಮರುಕ್ಷಣವೇ ಹಣ್ಣು ಮೇಲೆದ್ದು ಹಾಯಾಗಿ ತೇಲತೊಡಗಿತು!

"ಅಯ್ಯೋ, ನನಗೂ ಒಂದು ಕೊಡೇ!" ಎನ್ನುತ್ತ ಕರು ನಿದ್ದೆ ಕೊಡವಿ ನೀರಿಗಿಳಿಯಿತು. "ಮೂಳೆ ತೇಲುತ್ತದೆಯೇ? ಸೋರೆಬುರುಡೆ?" ಎಂದು ಕೋತಿಮರಿಗಳು ಸಿಕ್ಕಿದ್ದನ್ನೆಲ್ಲ ಎಸೆದವು. ನರಿ ಮೆಲ್ಲಗೆ ಪೊದೆಯತ್ತ ಸರಿಯಿತು.

ಮುಳ್ಳುಹಂದಿ ಅಜ್ಜಿ ದಾರಿಗೆ ಅಡ್ಡ ನಿಂತು ತೀರ್ಪಿತ್ತಳು: "ತುಂಬೆ ಶಾಲೆಯಲ್ಲೇ ಇರತಕ್ಕದ್ದು. ನಾಳೆಯಿಂದ ಪಾಠ ನೀರಿನಲ್ಲೇ ಆರಂಭವಾಗತಕ್ಕದ್ದು. ನರಿಯಪ್ಪಾ, ನೀನು ಮಕ್ಕಳ ಹಿಂದೆ ಕುಳಿತು ಕಲಿ. ಮೊದಲು ಕೊಟ್ಟ ಮಾತಿನಂತೆ ಈಜು, ಹಣ್ಣುಗಳು ಕಾಯುತ್ತಿವೆ!"

ನೀತಿ: ಪ್ರಶ್ನೆ ಕೇಳುವವರನ್ನು ಗದರಿಸಿ ಸುಮ್ಮನಾಗಿಸಬಾರದು; ಯಾರೇ ಹೇಳಿದ ಮಾತನ್ನಾದರೂ ಪರೀಕ್ಷಿಸಿ ನೋಡಿದ ಮೇಲೆಯೇ ನಂಬಬೇಕು.