ಮೆಮೊರಿ ಕಾರ್ಡಿನ ತೀರ್ಪು

ಮೇದಿನಿಯ ಕಪಾಟಿನಲ್ಲಿ ಇನ್ನು ಒಂದಕ್ಕೇ ಜಾಗವೆಂದು ತಿಳಿದು ಎರಡು ಗೇಮ್ ಯಂತ್ರಗಳು ಜಗಳಕ್ಕಿಳಿದವು.

"ನನ್ನ ಆಟದಲ್ಲಿ ನೂರು ಗಂಟೆಯ ಕಥೆಯಿದೆ," ಎಂದಿತು ಹಳೆಯದು.

"ನನ್ನ ಆಟದಲ್ಲಿ ಕತ್ತಿ ಬೀಸಿದರೆ ಆಡುವವರ ಕೈಯೇ ಕಂಪಿಸುತ್ತದೆ," ಎಂದಿತು ಹೊಸದು.

ಎರಡೂ ಆಟಗಳನ್ನು ನೆನಪಿಟ್ಟಿದ್ದ ಮೆಮೊರಿ ಕಾರ್ಡನ್ನು ನ್ಯಾಯ ಹೇಳಲು ಕರೆದವು. ಕಾರ್ಡ್ ತನ್ನ ನೆನಪನ್ನೆಲ್ಲ ತಡಕಾಡಿ ತಬ್ಬಿಬ್ಬಾಯಿತು.

"ಎರಡರಲ್ಲೂ ಕೊಲ್ಲಬೇಕಾದ ರಾಕ್ಷಸ ಇನ್ನೂ ಬದುಕಿದ್ದಾನೆ. ಮೇದಿನಿ ತಂಗಿಯ ಜೊತೆ ಆಟದೊಳಗಿನ ಕೆರೆದಂಡೆಯಲ್ಲಿ ಕೂತು ಬರೀ ಮೀನು ಹಿಡಿದಿದ್ದಾಳೆ."

"ಹಾಗಾದರೆ ನಮ್ಮಿಬ್ಬರಲ್ಲಿ ಗೆದ್ದವರು ಯಾರು?" ಎಂದವು ಯಂತ್ರಗಳು.

"ಅದೇ ನನಗೂ ತಿಳಿಯುತ್ತಿಲ್ಲ."

ಅಷ್ಟರಲ್ಲಿ ಅಕ್ಕತಂಗಿಯರು ಬಂದರು. "ಯಾವುದನ್ನು ಇಟ್ಟುಕೊಳ್ಳೋಣ?" ಎಂದಳು ಮೇದಿನಿ.

"ಯಾವುದಾದರೂ ಆಗಲಿ, ನೀನು ಪಕ್ಕದಲ್ಲಿ ಕೂರಬೇಕು, ಅಷ್ಟೇ," ಎಂದಳು ತಂಗಿ.

ಆ ಮಾತು ಯಾರ ಪರವೆಂದು ಗೊತ್ತಾಗದೆ ಕಾರ್ಡ್ ಇನ್ನಷ್ಟು ಗಲಿಬಿಲಿಗೊಂಡಿತು.