ಕೆಂಚಿಗಾಗಿ ಬಾಗಿದ ಸೂರ್ಯ

ಲೋಕದ ಮೈಮೇಲಿನ ಹಸಿ ಇನ್ನೂ ಆರಿರಲಿಲ್ಲ. ಬೆಟ್ಟಗಳು ಆಗತಾನೆ ಕೂರಲು ಕಲಿತಿದ್ದವು, ಹೊಳೆಗಳು ಆಗತಾನೆ ಹರಿಯಲು ಕಲಿತಿದ್ದವು. ಆ ಕಾಲದಲ್ಲಿ ಸೂರ್ಯನಿಗೆ ಇದ್ದದ್ದು ಒಂದೇ ದಾರಿ. ಮೂಡಣದಲ್ಲಿ ಹುಟ್ಟಿ, ನೆತ್ತಿಯ ಮೇಲೆ ನೆಟ್ಟಗೆ ನಡೆದು, ಪಡುವಣದಲ್ಲಿ ಇಳಿಯುತ್ತಿದ್ದ. ಇಂದು ನಡೆದ ಹಾಗೆಯೇ ನಾಳೆ. ಅತ್ತ ವಾಲಿದವನಲ್ಲ, ಇತ್ತ ವಾಲಿದವನಲ್ಲ.

ಹಾಗಾಗಿ ಬಿಸಿಲು ಅಂಗಳದಲ್ಲಿ ಇರುತ್ತಿತ್ತು, ಸೂರಿನ ತನಕ ಬರುತ್ತಿತ್ತು, ಅಲ್ಲಿಗೇ ನಿಲ್ಲುತ್ತಿತ್ತು. ಮನೆಯ ಒಳಗು ಹೇಗಿರುತ್ತದೆ ಎಂದು ಸೂರ್ಯ ಕಂಡಿರಲೇ ಇಲ್ಲ.

ಹೊಳೆಯ ದಂಡೆಯಲ್ಲಿ ಬಾಳವ್ವ ಎಂಬ ಹೆಣ್ಣುಮಗಳು ಗಂಡ ದುರುಗಪ್ಪನ ಜೊತೆ ಬಿದಿರು ಸೀಳಿ ಬುಟ್ಟಿ ಹೆಣೆಯುತ್ತಿದ್ದಳು. ಅವರ ಗುಡಿಸಲಿನ ಬಾಗಿಲು ತೆಂಕಣಕ್ಕೆ ಮುಖ ಮಾಡಿತ್ತು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಹೊಳೆ ಉಕ್ಕಿತ್ತು. ತೇಲಿ ಬಂದ ಮರದ ಪೊಟರೆಯಲ್ಲಿ ಎರಡು ಬೆಕ್ಕಿನ ಮರಿಗಳಿದ್ದವು. ಒಂದು ಬೂದಿ ಬಣ್ಣದ ಗಂಡು, ಇನ್ನೊಂದು ಕೆಂಚು ಬಣ್ಣದ ಹೆಣ್ಣು. ಬೂದ, ಕೆಂಚಿ ಎಂದು ಹೆಸರಿಟ್ಟಳು. ಬಟ್ಟೆಯ ಚೂರನ್ನು ಹಾಲಲ್ಲಿ ಅದ್ದಿ ಚೀಪಿಸಿ ಸಾಕಿದಳು.

ಮರಿಗಳು ದೊಡ್ಡವಾದವು. ಬೂದ ಬಿದಿರಿನ ಸಿಪ್ಪೆಯ ಜೊತೆ ಜಗಳವಾಡುತ್ತಿದ್ದ. ಕೆಂಚಿ ಅರ್ಧ ಹೆಣೆದ ಬುಟ್ಟಿಯೊಳಗೇ ಕೂತುಬಿಡುತ್ತಿದ್ದಳು. ಬಾಳವ್ವ ಅವಳು ಏಳುವ ತನಕ ಕಾಯುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಅಂಗಳದಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗುತ್ತಿದ್ದರು. ಮೇಲೆ ನಡೆಯುತ್ತಿದ್ದ ಸೂರ್ಯ ಅವರನ್ನು ನೋಡುತ್ತಲೇ ಹೋಗುತ್ತಿದ್ದ. ಭೂಮಿಯ ಮೇಲೆ ಅವನನ್ನು ಕಂಡು ಕಣ್ಣು ಮುಚ್ಚಿ ನಗುವವರು ಅವರಿಬ್ಬರೇ.

ಆಮೇಲೆ ಮುಪ್ಪು ಬಂತು. ಬಾಳವ್ವನ ತಲೆಯಲ್ಲಿ ಇನ್ನೂ ಒಂದು ಬಿಳಿ ಕೂದಲಿರಲಿಲ್ಲ. ಅವಳ ಕೈಯಲ್ಲಿ ಹಾಲು ಚೀಪಿದ ಕೂಸುಗಳು ಅವಳನ್ನು ದಾಟಿ ಮುಂದೆ ಹೋಗಿ ಮುದಿಯಾಗಿಬಿಟ್ಟಿದ್ದವು. ಬೂದನ ಬೆನ್ನುಮೂಳೆ ಎಣಿಸುವಂತೆ ಕಾಣತೊಡಗಿತು. ಎಷ್ಟು ನೀರು ಕುಡಿದರೂ ಅವನ ದಾಹ ತೀರುತ್ತಿರಲಿಲ್ಲ. ಒಂದು ಬೆಳಿಗ್ಗೆ ಒಳಗಿನ ಮೂಲೆಯಲ್ಲಿ, ತಾನು ಯಾವಾಗಲೂ ಮಲಗುವ ಗೋಣಿಯ ಮೇಲೆ, ಮಲಗಿದಂತೆಯೇ ಹೋಗಿಬಿಟ್ಟಿದ್ದ.

ದುರುಗಪ್ಪ ಬಿದಿರು ಮೆಳೆಯ ಕೆಳಗೆ ಗುಂಡಿ ತೋಡಿದ. ಮಣ್ಣು ಮುಚ್ಚಿದ ಮೇಲೂ ಕೆಂಚಿ ಬುಟ್ಟಿ ಬುಟ್ಟಿಯಲ್ಲಿ ಇಣುಕಿ ಅಣ್ಣನನ್ನು ಕೂಗಿದಳು. ಕೂಗಿ ಕೂಗಿ ದನಿ ಬಿದ್ದುಹೋಯಿತು. ಆಮೇಲೆ ಬೂದನ ಗೋಣಿಯ ಮೇಲೆ ಹೋಗಿ ಮಲಗಿದಳು. ಅಲ್ಲಿಂದ ಏಳಲೇ ಇಲ್ಲ.

ಬಾಳವ್ವ ಅವಳನ್ನು ಎತ್ತಿ ಅಂಗಳದ ಬಿಸಿಲಿಗೆ ತಂದು ಮಲಗಿಸಿದಳು. ಕೆಂಚಿ ಹಿಂಗಾಲು ಎಳೆದುಕೊಂಡು, ಹೊಸ್ತಿಲ ಹತ್ತಿರ ಬಿದ್ದು, ಎದ್ದು, ಮತ್ತೆ ಆ ಮೂಲೆಗೇ ಹೋದಳು. ಮತ್ತೆ ತಂದರೆ ಮತ್ತೆ ಹೋದಳು.

“ಬಿಟ್ಟುಬಿಡು ಬಾಳೀ. ಅಲ್ಲಿ ಅವನ ವಾಸನೆ ಇದೆ,” ಎಂದ ದುರುಗಪ್ಪ.

ಮೂಲೆ ತಣ್ಣಗಿತ್ತು. ಕೆಂಚಿ ನಡುಗುತ್ತಿದ್ದಳು. ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಮುಪ್ಪಿನ ಚಳಿ ಒಳಗಿನಿಂದ ಬರುತ್ತದೆ.

ಬಾಳವ್ವ ಗಾಳಿಯನ್ನು ಕೇಳಿದಳು, ಒಂದಿಷ್ಟು ಬಿಸಿಲನ್ನು ಒಳಗೆ ಹೊತ್ತು ತಾ ಎಂದು. ತನಗೆ ಧೂಳು ಹೊರಲು ಬರುತ್ತದೆ, ಬಿಸಿಲು ಹೊರಲು ಬರುವುದಿಲ್ಲ ಎಂದಿತು ಗಾಳಿ. ಹೊಳೆಯನ್ನು ಕೇಳಿದಳು. ತನ್ನ ಮೇಲೆ ಬಿದ್ದ ಬಿಸಿಲು ತನ್ನ ಜೊತೆಗೇ ಹರಿದುಹೋಗುತ್ತದೆ ಎಂದಿತು ಹೊಳೆ. ಸೂರ್ಯನನ್ನೇ ಕೇಳಿ ನೋಡು ಎಂದಿತು.

ಬಾಳವ್ವ ಅಂಗಳದ ನಡುವೆ ನಿಂತು ಸೂರ್ಯನನ್ನು ಕರೆದಳು. ಸೂರ್ಯ ಎಲ್ಲವನ್ನೂ ಕೇಳಿಸಿಕೊಂಡ. ಸೂರಿನ ಕೆಳಗೆ ತೂರಿ ಒಳಗೆ ಬರಬೇಕಾದರೆ ತಾನು ತೆಂಕಣಕ್ಕೆ ಸರಿದು ಬಾಗಬೇಕು, ಹುಟ್ಟಿದಂದಿನಿಂದ ದಾರಿ ಬಿಟ್ಟವನಲ್ಲ, ಈಗ ಬಿಟ್ಟರೆ ಹಕ್ಕಿಗಳಿಗೂ ಬೆಳೆಗಳಿಗೂ ಲೆಕ್ಕ ತಪ್ಪುತ್ತದೆ ಎಂದ.

“ಇಷ್ಟು ದಿನ ಅವಳೇ ನಿನ್ನ ಹತ್ತಿರ ಬರುತ್ತಿದ್ದಳು, ಸೂರ್ಯಪ್ಪ. ಈಗ ಅವಳಿಗೆ ಕಾಲಿಲ್ಲ. ನಿನಗೆ ಇದೆ,” ಎಂದಳು ಬಾಳವ್ವ.

ಮರುದಿನ ಬಿಸಿಲು ಸೂರಿನ ನೆರಳನ್ನು ದಾಟಿ ಹೊಸ್ತಿಲು ಮುಟ್ಟಿತು. ಅದರ ಮರುದಿನ ಹೊಸ್ತಿಲ ಈಚೆಗೆ ಬಂತು. ಅಷ್ಟು ದೊಡ್ಡವನು ಒಂದೇ ಸಲಕ್ಕೆ ಬಾಗಲಾರ; ದಿನಕ್ಕೊಂದು ಬೆರಳಿನಷ್ಟು ಬಾಗಿದ. ಬಾಳವ್ವ ಕೆಂಚಿಗೆ ಗಂಜಿಯ ತಿಳಿಯನ್ನು ಬೆರಳಲ್ಲಿ ನೆಕ್ಕಿಸುತ್ತ, ಒಮ್ಮೆ ಅವಳ ಉಸಿರನ್ನು ನೋಡುತ್ತ, ಒಮ್ಮೆ ನೆಲದ ಮೇಲಿನ ಬಿಸಿಲನ್ನು ನೋಡುತ್ತ ಕೂತಳು. ಉಸಿರು ದಿನದಿನಕ್ಕೆ ಚಿಕ್ಕದಾಗುತ್ತಿತ್ತು. ಬಿಸಿಲು ದಿನದಿನಕ್ಕೆ ಹತ್ತಿರವಾಗುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಬಿಸಿಲು ಗೋಣಿಯ ಅಂಚನ್ನು ಹತ್ತಿತು. ಮೊದಲು ಕೆಂಚಿಯ ಮುಂಗಾಲಿನ ಮೇಲೆ ಬಿತ್ತು, ಆಮೇಲೆ ಮುಖದ ಮೇಲೆ. ಕೆಂಚಿಯ ನಡುಕ ನಿಂತಿತು. ಅವಳು ತಲೆ ಎತ್ತಿ, ಹಳೆಯ ಹಾಗೆಯೇ ಸೂರ್ಯನ ಕಡೆ ನೋಡಿ ಕಣ್ಣು ಮುಚ್ಚಿದಳು. ಬಾಳವ್ವ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಬಿಸಿಲು ಸರಿದುಹೋದಾಗ ಕೈಯ ಕೆಳಗೆ ಉಸಿರಿರಲಿಲ್ಲ. ಮೈ ಮಾತ್ರ ಬೆಚ್ಚಗಿತ್ತು, ಬಹಳ ಹೊತ್ತು ಬೆಚ್ಚಗಿತ್ತು.

ಮರುದಿನ ಸೂರ್ಯ ಮತ್ತೆ ಬಾಗಿ ಒಳಗೆ ಬಂದ. ಗೋಣಿಯ ಮೇಲೆ ಯಾರೂ ಇರಲಿಲ್ಲ.

“ಕೆಂಚಿ ಎಲ್ಲಿ, ಮಗಳೇ?” ಎಂದು ಕೇಳಿದ.

ಆ ಸೀಮೆಯಲ್ಲಿ ಸತ್ತವರನ್ನು ಸತ್ತರು ಅನ್ನುತ್ತಿರಲಿಲ್ಲ, ತೆಂಕಣಕ್ಕೆ ಹೋದರು ಅನ್ನುತ್ತಿದ್ದರು. ಬಾಳವ್ವನೂ ಹಾಗೆಯೇ ಅಂದಳು. ಬೇರೆ ಮಾತಾಡಲು ಅವಳಿಗೆ ಬಾಯಿ ಬರಲಿಲ್ಲ.

ಸೂರ್ಯನಿಗೆ ಸಾವು ಗೊತ್ತಿರಲಿಲ್ಲ. ತೆಂಕಣಕ್ಕೆ ಹೋಗಿದ್ದರೆ ತಾನೂ ಆ ಕಡೆಗೇ ಬಂದಿದ್ದೇನಲ್ಲ, ನೋಡಿ ಬರುತ್ತೇನೆ ಎಂದು ಹೊರಟ. ಇನ್ನೂ ಬಾಗಿದ, ಇನ್ನೂ ಸರಿದ. ದಾರಿಯಲ್ಲಿ ಸಿಕ್ಕ ಪ್ರತಿ ಮನೆಯ ಬಾಗಿಲಲ್ಲೂ ಇಣುಕಿದ. ಅವನು ದೂರವಾದಂತೆ ಹಗಲು ಚಿಕ್ಕದಾಯಿತು, ಲೋಕದಲ್ಲಿ ಮೊದಲ ಸಲ ಇಬ್ಬನಿ ಗಟ್ಟಿಯಾಗಿ ಬಿತ್ತು.

ಎಷ್ಟೋ ದಿನಗಳ ಮೇಲೆ ಸೂರ್ಯ ಮೆಲ್ಲಗೆ ಹಿಂದಿರುಗಿದ. ಸಿಗಲಿಲ್ಲ ಎಂದ.

ಆಗ ಬಾಳವ್ವ ಅತ್ತಳು. ಹೋದವರು ಸಿಗುವುದಿಲ್ಲ, ಅದು ತನಗೆ ಅಂದೇ ಗೊತ್ತಿತ್ತು, ಹೇಳಲಾಗಲಿಲ್ಲ ಎಂದು ಎಲ್ಲವನ್ನೂ ಹೇಳಿದಳು.

“ಗೊತ್ತಿದ್ದೂ ನಾನು ಇವತ್ತಿಗೂ ಎರಡು ತುತ್ತು ಹೆಚ್ಚಿಗೆ ಕಲಸುತ್ತೇನೆ, ಸೂರ್ಯಪ್ಪ. ಕೈ ಕೇಳುವುದಿಲ್ಲ.”

ಸೂರ್ಯ ಬಹಳ ಹೊತ್ತು ಬಿದಿರು ಮೆಳೆಯ ಮೇಲೆ ನಿಂತಿದ್ದ. ಅಲ್ಲಿ ಎರಡು ಮಣ್ಣಿನ ದಿಬ್ಬಗಳಿದ್ದವು, ಒಂದು ಹಳೆಯದು, ಒಂದು ಹೊಸದು.

“ಹಾಗಾದರೆ ನಾನೂ ಬರುವ ವರ್ಷ ಇನ್ನೊಮ್ಮೆ ನೋಡಿ ಬರುತ್ತೇನೆ,” ಎಂದ.

ಅದಕ್ಕೇ ಕಂದಾ, ಚಳಿಗಾಲ ಬಂತೆಂದರೆ ಸೂರ್ಯ ಇವತ್ತಿಗೂ ತೆಂಕಣಕ್ಕೆ ಸರಿದು, ಬಾಗಿ, ಕಿಟಕಿಯಿಂದ ಒಳಗೆ ಬಂದು ಮಂಚದ ಕೆಳಗೆಲ್ಲ ಹುಡುಕುತ್ತಾನೆ; ಅಲ್ಲಿ ಬೆಕ್ಕೊಂದು ಮಲಗಿದ್ದರೆ ಬಿಸಿಲು ಒಂದು ಗಳಿಗೆ ಅದರ ಮುಖದ ಮೇಲೆ ನಿಂತು ನೋಡಿ, ಇವಳಲ್ಲ ಎಂದುಕೊಂಡು, ಅದಕ್ಕೆ ಎಚ್ಚರವಾಗದಂತೆ ಮೆಲ್ಲಗೆ ಮುಂದೆ ಸರಿಯುತ್ತದೆ.